ಪರ್ಮನೆಂಟ್ ಅಂದರೆ ಎಷ್ಟು ವರ್ಷ?

ನಮ್ಮ ಕಡಕೊಳದಲ್ಲಿ ಗಂಡು ಮಕ್ಕಳ ತಾಯಂದಿರು ಎದುರಾದರೆ ಆರೋಗ್ಯ ವಿಚಾರಿಸುವುದಕ್ಕೂ ಮೊದಲು ಕೇಳುವ ಮಾತೊಂದಿದೆ: "ಮಗನಿಗೆ ಪರ್ಮನೆಂಟ್ ಆಯ್ತಾ?" ಮೈಸೂರಿನಿಂದ ನಂಜನಗೂಡಿಗೆ ಹೋಗುವ ರಸ್ತೆಯ ಆಚೀಚೆ ಕಾರ್ಖಾನೆಗಳಿವೆ. ಬೆಳಗಿನ ಫಜ್ರ್ ನಮಾಝ್ ಮುಗಿಸಿ ಬಾಗಿಲು ತೆರೆಯುವಾಗ ಮೊದಲ ಪಾಳಿಯ ಬಸ್ಸುಗಳು ಸಾಲಾಗಿ ಹೋಗುತ್ತಿರುತ್ತವೆ. ಅದರಲ್ಲಿ ಕುಳಿತ ಹುಡುಗರಲ್ಲಿ ಹೆಚ್ಚಿನವರು ಗುತ್ತಿಗೆಯವರು. ಪರ್ಮನೆಂಟ್ ಆದವನಿಗೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ, ಬೇಗ ಹೆಣ್ಣೂ ಸಿಗುತ್ತದೆ. ಆಗದವನು ಹನ್ನೊಂದು ತಿಂಗಳಿಗೊಮ್ಮೆ ಹೊಸ ಗುತ್ತಿಗೆದಾರನ ಹೆಸರಿನಲ್ಲಿ ಹಳೆಯ ಮೆಷಿನ್ನಿನ ಮುಂದೆಯೇ ಹೋಗಿ ನಿಲ್ಲುತ್ತಾನೆ.

ನನ್ನ ಮಗನೂ ಹಾಗೇ ನಿಂತವನು. ಮೈಸೂರಿನ ಜಿಟಿಟಿಸಿಯಲ್ಲಿ ನಾಲ್ಕು ವರ್ಷ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿ 2021ರಲ್ಲಿ ಹೊರಬಂದ. ಅಚ್ಚು ತಯಾರಿಸುವ ಕೆಲಸ. ಕೂದಲೆಳೆಯ ಅಳತೆ ತಪ್ಪಿದರೂ ಇಡೀ ಅಚ್ಚು ವ್ಯರ್ಥ ಎಂದು ಅವನು ಹೇಳುತ್ತಿದ್ದ. ಅಷ್ಟು ಸೂಕ್ಷ್ಮದ ಕೆಲಸ ಬಲ್ಲವನನ್ನು ಎರಡೂವರೆ ವರ್ಷವಾದರೂ ಪರ್ಮನೆಂಟ್ ಮಾಡಲಿಲ್ಲ. ಇದರಿಂದಲೇ ನಮ್ಮ ಮನೆಗೆ ವಿದೇಶದ ಮಾತು ಮತ್ತೆ ಬಂತು. 'ಮತ್ತೆ' ಎನ್ನಲು ಕಾರಣವಿದೆ.

ನನ್ನ ಯಜಮಾನರು 1998ರಿಂದ 2020ರವರೆಗೆ, ಇಪ್ಪತ್ತೆರಡು ವರ್ಷ, ಸೌದಿಯ ಜುಬೈಲಿನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದರು. ಹತ್ತನೇ ತರಗತಿ ಪಾಸಾಗದ ಕಾರಣ ಅವರದು ಇ.ಸಿ.ಆರ್. ಮುದ್ರೆಯ ಪಾಸ್‌ಪೋರ್ಟ್. ಎಮಿಗ್ರೇಶನ್ ಕ್ಲಿಯರೆನ್ಸ್ ಇಲ್ಲದೆ ಕೆಲಸಕ್ಕೆಂದು ವಿಮಾನ ಹತ್ತುವಂತಿರಲಿಲ್ಲ. ಅಲ್ಲಿ ಅವರ ಕೆಲಸ ಗಟ್ಟಿಯಾಗಿಯೇ ಇತ್ತು. ಆದರೆ ವಾಸ? ವಾಸದ ಪರವಾನಗಿಯಾದ ಇಕಾಮಾ ಕಫೀಲನ ಕೈಯಲ್ಲಿ. ಅದು ನವೀಕರಣವಾದರೆ ಇರಬೇಕು, ಇಲ್ಲದಿದ್ದರೆ ಹೊರಡಬೇಕು. ಊರಿಗೆ ಬಂದು ಹೋಗಲೂ ಅವನ ಒಪ್ಪಿಗೆಯ ಎಕ್ಸಿಟ್ ರಿ-ಎಂಟ್ರಿ ಬೇಕಿತ್ತು. ಇಪ್ಪತ್ತೆರಡು ವರ್ಷ ದುಡಿದರೂ ಆ ದೇಶದಲ್ಲಿ ನೆಲೆಸುವ ಹಕ್ಕು ಒಂದು ದಿನಕ್ಕೂ ಹುಟ್ಟಲಿಲ್ಲ. ಕಫಾಲಾ ಪದ್ಧತಿ ಅಂದರೆ ಅದು. 2021ರ ಮಾರ್ಚ್‌ನಿಂದ ಕೆಲವು ಷರತ್ತುಗಳೊಡನೆ ಕಫೀಲನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸುವ, ಊರಿಗೆ ಬರುವ ಅವಕಾಶ ಕೊಟ್ಟರು. ಅಷ್ಟರಲ್ಲಿ ನಮ್ಮವರು ಕಡಕೊಳದಲ್ಲಿ ಫ್ರಿಜ್ ರಿಪೇರಿ ಅಂಗಡಿ ತೆರೆದಾಗಿತ್ತು. 2019ರಲ್ಲಿ ಸೌದಿ ಸರ್ಕಾರ ಶಾಶ್ವತ ವಾಸದ ಪರವಾನಗಿಯನ್ನೂ ತಂದಿತು. ಅದರ ಶುಲ್ಕ ಎಂಟು ಲಕ್ಷ ರಿಯಾಲ್. ಆ ಸುದ್ದಿ ಓದಿ ನಾವಿಬ್ಬರೂ ಫೋನಿನಲ್ಲಿ ಬಹಳ ಹೊತ್ತು ನಕ್ಕಿದ್ದು ನೆನಪಿದೆ.

ನಾನೂ ಮಕ್ಕಳೂ 2009ರಿಂದ ಎಂಟು ವರ್ಷ ಅವರ ಜೊತೆಗಿದ್ದೆವು. ಮಕ್ಕಳು ಇಂಡಿಯನ್ ಸ್ಕೂಲಿನಲ್ಲಿ ಕಲಿತರು, ನಾಲ್ಕು ಬಾರಿ ಉಮ್ರಾ ಮಾಡುವ ಭಾಗ್ಯ ಸಿಕ್ಕಿತು, ಅಲ್‌ಹಮ್ದುಲಿಲ್ಲಾಹ್. 2017ರ ಜುಲೈಯಲ್ಲಿ ಅವಲಂಬಿತರ ಮೇಲೆ ಶುಲ್ಕ ಬಂತು. ತಲೆಗೆ ತಿಂಗಳಿಗೆ 100 ರಿಯಾಲ್, ವರ್ಷದ್ದು ಒಟ್ಟಿಗೆ ಮುಂಗಡ. ಪ್ರತಿ ವರ್ಷ ನೂರು ಏರುತ್ತಾ 2020ಕ್ಕೆ 400. ನಾನು, ಇಬ್ಬರು ಮಕ್ಕಳು. ಅಡುಗೆ ಮನೆಯಲ್ಲಿ ಕೂತು ಹಾಲಿನ ಚೀಟಿಯ ಹಿಂದೆ ಲೆಕ್ಕ ಹಾಕಿದೆ: ಮೊದಲ ವರ್ಷ 3,600, ಮರು ವರ್ಷ 7,200, ಆಮೇಲೆ 10,800, ಆಮೇಲೆ 14,400. ಮುಂದೆ ಲೆಕ್ಕ ಬೇಕಾಗಲಿಲ್ಲ. ನಮ್ಮ ಕಟ್ಟಡದಿಂದಲೇ ಆ ಬೇಸಿಗೆಯಲ್ಲಿ ಆರು ಕುಟುಂಬಗಳು ಫೈನಲ್ ಎಕ್ಸಿಟ್ ಹಾಕಿಸಿದವು. ಮಗಳು ತನ್ನ ಗೊಂಬೆ ಮನೆಯನ್ನು ಪಕ್ಕದ ಫಿಲಿಪ್ಪೀನ್ಸ್ ಹುಡುಗಿಗೆ ಕೊಟ್ಟು ಬಂದಳು. ಯಜಮಾನರು ಅಲ್ಲೇ ಉಳಿದರು. 2020ರ ಕೊರೊನಾ ವರ್ಷದಲ್ಲಿ ಕಂಪನಿ ಮುಚ್ಚಿ ವಂದೇ ಭಾರತ್ ವಿಮಾನದಲ್ಲಿ ಬಂದಿಳಿದಾಗ ಅವರ ಕೈಯಲ್ಲಿ ಎರಡು ಸೂಟ್‌ಕೇಸ್ ಇದ್ದವು. ದುಡಿಮೆಯಿಂದ ಉಳಿದದ್ದು ಕಡಕೊಳದ ಈ ಮನೆ, ಹಿಂದಿನ ಬೀದಿಯಲ್ಲಿ ಒಂದು ಮೂವತ್ತು-ನಲವತ್ತರ ಸೈಟು.

ಆ ಸೈಟಿನ ಮೇಲೆಯೇ 2023ರ ಡಿಸೆಂಬರ್‌ನಲ್ಲಿ ಮಾತು ಬಂದದ್ದು.

ಮೈದುನ ಒಂದು ರಾತ್ರಿ ಇಶಾ ನಮಾಝಿನ ಬಳಿಕ ಒಬ್ಬ ಏಜೆಂಟರನ್ನು ಕರೆದುಕೊಂಡು ಬಂದ. ಒಳ್ಳೆಯ ಮಾತುಗಾರ, ಸಲಾಮ್ ಹೇಳಿದ ಬಗೆಯಲ್ಲೇ ನಮ್ಮ ಯಜಮಾನರು ಅರ್ಧ ಸೋತರು. ಕೆನಡಾದ ಒಂದು ಕಂಪನಿಯ ಕೆಲಸದ ಪತ್ರ ಮೇಜಿನ ಮೇಲಿಟ್ಟರು. ಅದರಲ್ಲಿ ನನ್ನ ಮಗನ ಹೆಸರಿತ್ತು. "ನೋಡಿ, ಪರ್ಮನೆಂಟ್ ಅಂತ ಬರೆದಿದೆ. ಪರ್ಮನೆಂಟ್ ಕೆಲಸದ ಆಫರ್ ಇದ್ದರೆ ಪರ್ಮನೆಂಟ್ ರೆಸಿಡೆನ್ಸಿ. ಗಲ್ಫ್ ಹಾಗಲ್ಲ ಭಾಭಿ, ಒಮ್ಮೆ ಹೋದರೆ ಮಕ್ಕಳು ಮರಿಗಳಿಗೂ ಅಲ್ಲೇ" ಎಂದರು. ಒಟ್ಟು ಹದಿನೆಂಟು ಲಕ್ಷ, ಮುಂಗಡ ಐದು.

ಆ ಒಂದು ಪದ ನಮ್ಮ ಮನೆಯಲ್ಲಿ ಏನು ಮಾಡಿತೆಂದು ಹೇಳಲಾರೆ. ಕಾರ್ಖಾನೆಯಲ್ಲಿ ಅದಕ್ಕಾಗಿ ಕಾಯುತ್ತಿದ್ದ ಮಗ, ಮರುಭೂಮಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದೂ ಅದನ್ನು ಕಾಣದ ಅಪ್ಪ, ಇಬ್ಬರೂ ಕಾಗದವನ್ನು ಹಿಡಿದು ನೋಡುತ್ತಲೇ ಇದ್ದರು.

ನಾನು ಚಹಾ ಕೊಡುತ್ತಾ ಕೇಳಿದೆ: "ಮುಂಗಡಕ್ಕೆ ರಶೀದಿ ಕೊಡುತ್ತೀರಾ? ಯಾವ ಕೆಲಸಕ್ಕೆ ಎಷ್ಟು, ಆಗದಿದ್ದರೆ ಎಷ್ಟು ವಾಪಸ್ ಎಂದು ಬರೆದು ಕೊಡುತ್ತೀರಾ?" ಏಜೆಂಟರು ನಕ್ಕರು. ಮೈದುನನ ಮುಖ ಕೆಂಪಾಯಿತು. "ಭಾಭಿ, ನಮ್ಮವರ ನಡುವೆ ಇದೆಲ್ಲಾ ಏಕೆ? ವಿಶ್ವಾಸ ಬೇಡವಾ?" ಎಂದ. ಕುರ್‌ಆನಿನ ಅತಿ ದೀರ್ಘವಾದ ಸೂಕ್ತವೇ ಸಾಲ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನು ಇಟ್ಟುಕೊಳ್ಳಿ ಎಂದು ಕಲಿಸುತ್ತದೆ. ಸೂರಃ ಅಲ್‌ಬಕರಃದ 282ನೆಯದು. ಅದನ್ನು ಅವನಿಗೆ ನೆನಪಿಸಿದೆ. ಹೇಳಿದ್ದು ಸರಿಯೇ, ಆದರೆ ಹೊರಗಿನವರ ಮುಂದೆ ಹೇಳಬಾರದಿತ್ತೇನೋ. ಅವನು ಆ ವರ್ಷದ ಈದ್‌ಗೆ ನಮ್ಮ ಮನೆಗೆ ಬರಲಿಲ್ಲ.

ಮರುದಿನ ಮಗಳು ಲ್ಯಾಪ್‌ಟಾಪ್ ಮುಂದೆ ಕುಳಿತಳು. ಓದುವ ಹೆಣ್ಣು ಮಗಳೊಬ್ಬಳು ಮನೆಯಲ್ಲಿದ್ದರೆ ಎಷ್ಟು ಲಕ್ಷ ಉಳಿಯುತ್ತದೆಂದು ನಮ್ಮ ಗಂಡಸರಿಗೆ ಯಾರಾದರೂ ತಿಳಿಸಬೇಕು. ಎರಡು ರಾತ್ರಿಯಲ್ಲಿ ಅವಳು ಕಂಡುಹಿಡಿದದ್ದು ಇಷ್ಟು. ಹೊರದೇಶದಿಂದ ನೌಕರನನ್ನು ಕರೆಸಿಕೊಳ್ಳುವ ಕೆನಡಾದ ಮಾಲೀಕ ಸಾಮಾನ್ಯವಾಗಿ ತನ್ನ ಸರ್ಕಾರದಿಂದ ಎಲ್.ಎಂ.ಐ.ಎ. ಎಂಬ ಒಪ್ಪಿಗೆ ಪಡೆಯಬೇಕು. ಸ್ಥಳೀಯರು ಸಿಗಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಅದರ ಶುಲ್ಕ ಒಂದು ಸಾವಿರ ಡಾಲರನ್ನು ಮಾಲೀಕನೇ ಕಟ್ಟಬೇಕು, ನೌಕರನಿಂದ ವಸೂಲಿ ಮಾಡುವುದು ಕಾನೂನಿಗೆ ವಿರುದ್ಧ. ನಮ್ಮ ಪತ್ರದಲ್ಲಿ ಆ ಒಪ್ಪಿಗೆಯ ಸಂಖ್ಯೆಯೇ ಇರಲಿಲ್ಲ. ಹಣ ಪಡೆದು ಸಲಹೆ ಕೊಡುವವರು ಅಲ್ಲಿನ ವಕೀಲರಾಗಿರಬೇಕು, ಇಲ್ಲವೇ ಕೆನಡಾದ ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಪಟ್ಟಿ ಯಾರು ಬೇಕಾದರೂ ನೋಡುವಂತೆ ತೆರೆದಿದೆ. ಏಜೆಂಟರ ಹೆಸರು ಅದರಲ್ಲಿಲ್ಲ. ನಮ್ಮ ದೇಶದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ನೇಮಕಾತಿ ಏಜೆಂಟರ ಪಟ್ಟಿಯಲ್ಲೂ ಇಲ್ಲ. ಅಂದ ಹಾಗೆ, ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ ಮೂವತ್ತು ಸಾವಿರ ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಹದಿನೆಂಟು ಲಕ್ಷವಲ್ಲ.

ಇನ್ನೊಂದು ಸಂಗತಿ ನನಗೆ ಹೊಸದು. ಅಸಲಿ ಪತ್ರವೇ ಆಗಿದ್ದರೂ ಅದು ನೆಲೆಸುವ ಹಕ್ಕಲ್ಲ. ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಪದ್ಧತಿಯಲ್ಲಿ ಒಟ್ಟು 1,200 ಅಂಕ. ವಯಸ್ಸು, ಓದು, ಇಂಗ್ಲಿಷ್, ಅನುಭವಕ್ಕೆಲ್ಲಾ ಅಂಕ ಕೊಡುತ್ತಾರೆ. ಕೆಲಸದ ಆಫರ್‌ಗೆ ಆಗ ಸಿಗುತ್ತಿದ್ದದ್ದು ಬರೀ 50, ತೀರಾ ದೊಡ್ಡ ಹುದ್ದೆಗಾದರೆ 200. ಆ ಐವತ್ತು ಅಂಕಕ್ಕಾಗಿಯೇ ಇಷ್ಟೊಂದು ಸುಳ್ಳು ಪತ್ರಗಳು ಮಾರಾಟವಾಗಿ, ಕಡೆಗೆ 2025ರ ಮಾರ್ಚ್ 25ರಿಂದ ಆ ಸರ್ಕಾರ ಕೆಲಸದ ಆಫರ್‌ನ ಅಂಕಗಳನ್ನೇ ತೆಗೆದುಹಾಕಿತು. ಸಾಲಿನಲ್ಲಿ ಆಗಲೇ ನಿಂತಿದ್ದವರಿಗೂ ಅನ್ವಯ. ಅದೇ ಏಜೆಂಟರಿಗೆ ಹಣ ಕೊಟ್ಟ ನಮ್ಮ ಪರಿಚಯದ ಒಂದು ಕುಟುಂಬವಿದೆ. ಮನೆ ಭೋಗ್ಯಕ್ಕೆ ಹಾಕಿದ್ದರು. ಆ ತಾಯಿ ಮದುವೆಯೊಂದರಲ್ಲಿ ಸಿಕ್ಕಾಗ ನನ್ನ ಕೈ ಹಿಡಿದು ಏನೂ ಮಾತಾಡಲಿಲ್ಲ. ನನಗೂ ಮಾತು ಬರಲಿಲ್ಲ.

ಆದರೆ 2023ರಲ್ಲಿ ಮಗಳ ಲ್ಯಾಪ್‌ಟಾಪಿನ ಮಾತು ಮನೆಯಲ್ಲಿ ಪೂರ್ತಿ ನಡೆಯಲಿಲ್ಲ. "ಎಲ್ಲರೂ ಹೀಗೇ ಹೋಗುವುದು" ಎಂದರು ಯಜಮಾನರು. ಸೈಟು ಮಾರಲು ನಾನು ಒಪ್ಪದಿದ್ದಾಗ ಮೈದುನ ಇನ್ನೊಂದು ದಾರಿ ತಂದ. ಚನ್ನಪಟ್ಟಣದ ಕಡೆಯ ಒಂದು ಸಂಬಂಧ. ಒಳ್ಳೆಯ ಮನೆತನ, ಹುಡುಗಿ ಬಿ.ಕಾಂ. ಓದುತ್ತಿದ್ದಾಳೆ. ಈಗ ಮಂಗ್ನಿ, ನಿಕಾಹ್ ನಂತರ. ಹುಡುಗನ ಕೆನಡಾ ಖರ್ಚಿಗೆ ಹುಡುಗಿಯ ತಂದೆ ಹತ್ತು ಲಕ್ಷ ಕೊಡಲು ತಯಾರಿದ್ದಾರೆ. "ಇದು ವರದಕ್ಷಿಣೆ ಅಲ್ಲ ಭಾಭಿ, ಅವರ ಮಗಳ ಭವಿಷ್ಯಕ್ಕೇ ಅಲ್ಲವಾ?" ಎಂದ ಫೋನಿನಲ್ಲಿ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಪ್ಪತ್ತೈದು ವರ್ಷ ಯಾರ ಹತ್ತಿರವೂ ಆಡದ ಮಾತೊಂದು ಎದೆಯಲ್ಲಿ ಎದ್ದು ಕೂತಿತು.

ನನ್ನ ತವರು ಕೊಳ್ಳೇಗಾಲ. ಅಬ್ಬಾ ರೇಷ್ಮೆ ನೂಲು ಬಿಚ್ಚುವ ರೀಲರ್. ಮನೆಯ ಹಿತ್ತಲಲ್ಲಿ ನಾಲ್ಕು ಚರಕಗಳಿದ್ದವು. ಗೂಡು ಬೇಯುವ ವಾಸನೆಯಲ್ಲೇ ನಾನು ಬೆಳೆದದ್ದು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಅಮ್ಮನ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. 1998ರಲ್ಲಿ ನನ್ನ ನಿಕಾಹ್ ನಿಶ್ಚಯವಾದಾಗ ಹುಡುಗನಿಗೆ ಸೌದಿ ವೀಸಾ ಬರುವುದರಲ್ಲಿದೆ, ಸ್ವಲ್ಪ ಹಣ ಕಡಿಮೆ ಬಿದ್ದಿದೆ ಎಂದು ಹಿರಿಯರು ಹೇಳಿದರು. ಆ 'ಸ್ವಲ್ಪ' ಅರವತ್ತು ಸಾವಿರ. ಅಬ್ಬಾ ನಾಲ್ಕೂ ಚರಕ ಮಾರಿದರು. ನಾನು ಗಂಡನ ಮನೆಗೆ ಬಂದ ಮೇಲೆ ಅವರು ಇನ್ನೊಬ್ಬರ ಕೊಟ್ಟಿಗೆಯಲ್ಲಿ ಕೂಲಿಗೆ ನೂಲು ಬಿಚ್ಚಿದರು. 2011ರಲ್ಲಿ ತೀರಿಹೋಗುವವರೆಗೂ ಅವರಿಗೆ ಸ್ವಂತ ಚರಕ ಆಗಲೇ ಇಲ್ಲ. ಯಾರಾದರೂ ಕೇಳಿದರೆ, "ಮಗಳು ಜುಬೈಲಿನಲ್ಲಿದ್ದಾಳೆ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರಂತೆ.

ಯಜಮಾನರಿಗೆ ಹಣ ಬಂದದ್ದು ಗೊತ್ತಿತ್ತು. ಮಾವ ಎಲ್ಲೋ ಹೊಂದಿಸಿದರು ಎಂದಷ್ಟೇ ತಿಳಿದಿದ್ದರು. ಚರಕದ ಸಂಗತಿ ನಾನು ಹೇಳಿರಲಿಲ್ಲ. ಹೇಳಿದರೆ ಅವರು ಪರದೇಶದಲ್ಲಿ ನೊಂದುಕೊಳ್ಳುತ್ತಾರೆಂದು ಮೊದಮೊದಲು, ಆಮೇಲೆ ಅಭ್ಯಾಸವಾಗಿ. ಆ ರಾತ್ರಿ ಎಬ್ಬಿಸಿ ಹೇಳಿದೆ. ಕೂಗಾಡಲಿಲ್ಲ. ಹತ್ತು ಲಕ್ಷ ಕೊಡಲು ತಯಾರಿರುವ ಆ ತಂದೆ ಏನು ಮಾರುತ್ತಿದ್ದಾರೆಂದು ಕೇಳಿ ಬನ್ನಿ, ಆಮೇಲೆ ಮಾತಾಡೋಣ ಎಂದೆ ಅಷ್ಟೆ. ಅವರು ಬಹಳ ಹೊತ್ತು ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದರು.

ಮುಂದಿನ ಶುಕ್ರವಾರ ಜುಮಾ ಮುಗಿಸಿ ಒಬ್ಬರೇ ಕೊಳ್ಳೇಗಾಲದ ಬಸ್ಸು ಹತ್ತಿದರು. ನನ್ನ ಅಮ್ಮನ ಕೈಗೆ ಅರವತ್ತು ಸಾವಿರ ಇಟ್ಟರಂತೆ. "ಇದು ಯಾವುದಕ್ಕೆ ಬೇಟಾ?" ಎಂದು ಅಮ್ಮ ಕೇಳಿದರೆ ಇವರಿಗೆ ಬಾಯಿ ಬರಲಿಲ್ಲ. ಕಣ್ಣಿನ ಆಪರೇಷನ್ನಿಗೆ ಕೊಟ್ಟಿದ್ದಾರೆಂದೇ ಅಮ್ಮ ಇವತ್ತಿಗೂ ತಿಳಿದಿದ್ದಾಳೆ. ಚನ್ನಪಟ್ಟಣಕ್ಕೆ, ಏಜೆಂಟರಿಗೆ, ಇಬ್ಬರಿಗೂ ಬೇಡವೆಂದು ಅವರೇ ಹೇಳಿದರು. ಮಗ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನ ಬಾಳಿಗೆ ಅಡ್ಡ ಬಂದೆನೇ ಎಂದು ಸಜ್ದಾದಲ್ಲಿ ಎಷ್ಟು ಸಲ ಅತ್ತಿದ್ದೇನೆಂದು ಅಲ್ಲಾಹನಿಗೇ ಗೊತ್ತು.

ಹೊಸ ದಾರಿ ತೋರಿಸಿದ್ದು ಅವನ ಜಿಟಿಟಿಸಿಯ ಸಹಪಾಠಿ. ಜರ್ಮನಿಯಲ್ಲಿ ಅಚ್ಚು ತಯಾರಿಸುವವರಿಗೆ ಬೇಡಿಕೆ ಇದೆ, ಆದರೆ ಭಾಷೆ ಕಲಿಯಬೇಕು. 2024ರ ಫೆಬ್ರವರಿಯಲ್ಲಿ ಶುರು ಮಾಡಿದ. ಪಾಳಿ ಮುಗಿಸಿ ಬಂದು ಅಡುಗೆ ಮನೆಯಲ್ಲಿ ನನ್ನೆದುರೇ ಓದುತ್ತಿದ್ದ. ರೊಟ್ಟಿ ತಟ್ಟುತ್ತಾ ನಾನೂ ಡೆರ್, ಡೀ, ಡಾಸ್ ಕಲಿತೆ. ಆ ಭಾಷೆಯಲ್ಲಿ ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ. ಏಕೆಂದು ಕೇಳಬಾರದಂತೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಬಿ-1 ಪರೀಕ್ಷೆ. ಓದು, ಬರಹ, ಕೇಳುವುದು ಮೂರೂ ಪಾಸಾಗಿ ಮಾತಾಡುವುದರಲ್ಲಿ ಬಿದ್ದ. ಒಂದೊಂದು ಭಾಗವನ್ನೇ ಬೇರೆಯಾಗಿ ಮತ್ತೆ ಬರೆಯಬಹುದೆಂಬುದು ಸಮಾಧಾನ. ಎರಡನೇ ಸಲ ಪಾಸಾದ.

ಡಿಪ್ಲೊಮಾ ತಮ್ಮ ದೇಶದ ತರಬೇತಿಗೆ ಸಮವೇ ಎಂದು ನೋಡಲು ನ್ಯೂರೆಂಬರ್ಗಿನಲ್ಲಿ ಒಂದು ಕಚೇರಿ ಇದೆ, ಹೆಸರು ಐ.ಎಚ್.ಕೆ. ಫೋಸಾ. ಕಾಗದಗಳನ್ನು ಅನುವಾದ ಮಾಡಿಸಿ ಕಳಿಸಿದೆವು. ಕೆಲವು ವಿಷಯ ಕಡಿಮೆ ಬೀಳುತ್ತದೆ, ಕೆಲಸದ ಅನುಭವವಿದ್ದರೆ ತೋರಿಸಿ ಎಂದು ಉತ್ತರ ಬಂತು. ಗುತ್ತಿಗೆ ಹುಡುಗನಿಗೆ ಅನುಭವದ ಪತ್ರ ಕೊಡುವವರು ಯಾರು? ಕಂಪನಿ ಗುತ್ತಿಗೆದಾರನ ಕಡೆ ಕೈ ತೋರಿಸಿತು, ಅವನು ಕಂಪನಿಯ ಕಡೆ. ಕಡೆಗೆ ಅವನ ಮೇಲಿನ ಸೂಪರ್‌ವೈಸರ್ ಒಬ್ಬರು, ನಿವೃತ್ತಿಗೆ ನಾಲ್ಕು ತಿಂಗಳಿದ್ದ ಲಿಂಗಾಯತ ಹಿರಿಯರು, ಯಾವ ಮೆಷಿನ್ನಿನಲ್ಲಿ ಯಾವ ಅಚ್ಚು, ಎಷ್ಟು ದಿನ ಎಂದು ಮೂರು ಪುಟ ಬರೆಸಿ ಸಹಿ ಮಾಡಿಸಿಕೊಟ್ಟರು. ಅವರ ಮನೆಗೆ ರಮಝಾನಿನಲ್ಲಿ ಖರ್ಜೂರ ಕಳಿಸುತ್ತೇನೆ. ಆ ಮೂರು ಪುಟದಿಂದಲೇ ಪೂರ್ಣ ಮಾನ್ಯತೆ ಸಿಕ್ಕಿತು.

ಸ್ಟುಟ್‌ಗಾರ್ಟ್ ಬಳಿಯ ಸಣ್ಣ ಊರಿನ ಕಾರ್ಖಾನೆಯೊಂದು ವೀಡಿಯೊದಲ್ಲಿ ಎರಡು ಬಾರಿ ಮಾತಾಡಿಸಿತು, ಒಮ್ಮೆ ನಕ್ಷೆ ಕೊಟ್ಟು ಲೆಕ್ಕ ಮಾಡಿಸಿತು. ಕೆಲಸದ ಕರಾರು ಬಂದ ದಿನ ನಾನು ಹುಡುಕಿದ್ದು ಒಂದೇ ಪದ. ಪರ್ಮನೆಂಟ್ ಎಲ್ಲಿದೆ? ಇರಲಿಲ್ಲ. 'ಉನ್‌ಬೆಫ್ರಿಸ್ಟೆಟ್' ಎಂದಿತ್ತು. ಅಂದರೆ ಅವಧಿ ಗೊತ್ತುಪಡಿಸಿಲ್ಲ ಎಂದು ಅರ್ಥ ಎಂದ ಮಗ. ಮೊದಲ ಆರು ತಿಂಗಳು ಪರೀಕ್ಷಾ ಅವಧಿ, ಇಬ್ಬರಲ್ಲಿ ಯಾರು ಬೇಕಾದರೂ ಎರಡು ವಾರದ ನೋಟಿಸ್ ಕೊಟ್ಟು ಬಿಡಬಹುದು ಎಂಬುದೂ ಅದರಲ್ಲೇ ಬರೆದಿತ್ತು. ಕೆಟ್ಟದ್ದನ್ನೂ ಬರೆದಿದ್ದಾರಲ್ಲ ಎಂದು ನನಗೆ ಅದರ ಮೇಲೆ ನಂಬಿಕೆ ಬಂತು.

ವಾಸದ ನಿಯಮವನ್ನು ಮಗಳು ಓದಿ ಹೇಳಿದಳು. ಮೊದಲು ಸಿಗುವುದು ಅವಧಿಯುಳ್ಳ ಪರವಾನಗಿ. ನುರಿತ ಕೆಲಸಗಾರನಾಗಿ ಮೂರು ವರ್ಷ ದುಡಿದು, 36 ತಿಂಗಳು ಪಿಂಚಣಿಗೆ ವಂತಿಗೆ ಕಟ್ಟಿ, ಭಾಷೆ ಬಿ-1 ಮಟ್ಟಕ್ಕಿದ್ದು, ಆ ದೇಶದ ಕಾನೂನು-ಜನಜೀವನದ ಮೇಲಿನ 33 ಪ್ರಶ್ನೆಗಳ ಪರೀಕ್ಷೆ ಪಾಸಾದರೆ ನೆಲೆಸುವ ಹಕ್ಕಿಗೆ ಅರ್ಜಿ ಹಾಕಬಹುದು. 2023ರ ನವೆಂಬರ್‌ಗೆ ಮೊದಲು ಇದಕ್ಕೆ ನಾಲ್ಕು ವರ್ಷ ಬೇಕಿತ್ತು. ಪದವಿ ಓದಿ ಬ್ಲೂ ಕಾರ್ಡ್ ಪಡೆದವರಿಗೆ 27 ತಿಂಗಳು, ಭಾಷೆ ಚೆನ್ನಾಗಿದ್ದರೆ 21. ನಡುವೆ ಕೆಲಸ ಹೋದರೆ ವಿದೇಶಿಯರ ಕಚೇರಿಗೆ ತಿಳಿಸಬೇಕು, ಲೆಕ್ಕವೂ ತಡವಾಗುತ್ತದೆ. 2024ರ ಮಾರ್ಚ್ 1ರ ನಂತರ ಮೊದಲ ಬಾರಿ ಪರವಾನಗಿ ಪಡೆದ ಇಂಥ ಕೆಲಸಗಾರರು ತಂದೆ ತಾಯಿಯನ್ನೂ ಕರೆಸಿಕೊಳ್ಳಬಹುದು, ಖರ್ಚು ಮತ್ತು ಆರೋಗ್ಯ ವಿಮೆ ಭರಿಸುವ ಶಕ್ತಿ ಇದ್ದರೆ. ಆ ವಾಕ್ಯವನ್ನು ಮಗಳು ಎರಡು ಸಲ ಓದಿದಳು. ಯಜಮಾನರು, "ನನಗೆ ಇನ್ನು ಯಾವ ದೇಶದ ಇಕಾಮಾವೂ ಬೇಡ" ಎಂದು ಅಂಗಡಿಗೆ ಹೊರಟರು.

ಕೋರ್ಸು, ಪರೀಕ್ಷೆ, ಅನುವಾದ, ಮಾನ್ಯತೆ, 75 ಯೂರೋ ವೀಸಾ ಶುಲ್ಕ, ಟಿಕೆಟ್, ಚಳಿಯ ಬಟ್ಟೆ ಎಲ್ಲಾ ಸೇರಿ ಮೂರು ಲಕ್ಷದ ಹತ್ತಿರ ಆಯಿತು. ಒಂದೊಂದಕ್ಕೂ ರಶೀದಿ ಇದೆ, ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದೇನೆ. ಅರ್ಧ ಅವನ ಸಂಬಳದ್ದು. ಉಳಿದದ್ದಕ್ಕೆ ನನ್ನ ಎರಡು ಬಳೆ ಕೊಟ್ಟೆ, ಸಾಲವಾಗಿ. ಬರೆಸಿಕೊಂಡೇ ಕೊಟ್ಟೆ. ಸಾಕ್ಷಿ ಹಾಕಿದ್ದು ಅವನ ಅಪ್ಪ ಮತ್ತು ಚಾಚಾ. ಹೌದು, ಮೈದುನ ಬಂದ. ಮಗ ಹೊರಡುವ ಸುದ್ದಿ ಕೇಳಿ ತಾನಾಗಿಯೇ ಬಂದು, ಸಹಿ ಹಾಕುವಾಗ ನನ್ನ ಮುಖ ನೋಡದೆ ನಕ್ಕ. ಏಜೆಂಟರ ಮಾತನ್ನು ಇಬ್ಬರೂ ಎತ್ತಲಿಲ್ಲ.

2025ರ ಸೆಪ್ಟೆಂಬರಿನಲ್ಲಿ ಅವನು ಹೋದ. ಮೊದಲ ತಿಂಗಳು ಫೋನಿನಲ್ಲಿ ಅಡುಗೆಯದೇ ಮಾತು. ತುರ್ಕಿಯವರ ಅಂಗಡಿಯಲ್ಲಿ ಹಲಾಲ್ ಮಾಂಸ ಸಿಗುತ್ತದೆ. ಜುಮಾಕ್ಕೆ ರೈಲಿನಲ್ಲಿ ಹೋಗಬೇಕು, ಪಾಳಿ ಇದ್ದರೆ ತಪ್ಪುತ್ತದೆ, ಅದೊಂದು ಕೊರಗು. ಚಳಿಗಾಲದಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆಲ್ಲಾ ಮಗ್ರಿಬ್, ಕೆಲಸದಿಂದ ಹೊರಬರುವಾಗ ಕತ್ತಲೆ. ಒಂಟಿತನದ ಬಗ್ಗೆ ಅವನು ಹೇಳುವುದಿಲ್ಲ. ಆದರೆ ಭಾನುವಾರ ಅಂಗಡಿಗಳೆಲ್ಲಾ ಮುಚ್ಚಿರುವ ದಿನ ಮೂರು ಸಲ ಫೋನ್ ಮಾಡುತ್ತಾನೆ. ಅವನಪ್ಪ ಜುಬೈಲಿನಿಂದ ಕ್ಯಾಸೆಟ್‌ನಲ್ಲಿ ಮಾತು ತುಂಬಿ ಕಳಿಸುತ್ತಿದ್ದ ಕಾಲ ನೆನಪಾಗುತ್ತದೆ.

ಎದುರು ಮನೆಯ ಲಕ್ಷ್ಮಮ್ಮ ನಲ್ಲಿಯ ಹತ್ತಿರ ಈಗಲೂ ಕೇಳುತ್ತಾರೆ, "ಅಕ್ಕಾ, ಮಗನಿಗೆ ಪರ್ಮನೆಂಟ್ ಆಯ್ತಾ?" ಮೂರು ವರ್ಷ, ಮೂವತ್ತಾರು ತಿಂಗಳ ವಂತಿಗೆ, ಮೂವತ್ಮೂರು ಪ್ರಶ್ನೆ ಎಂದೆಲ್ಲಾ ಹೇಳತೊಡಗಿದರೆ ಬಿಂದಿಗೆ ತುಂಬಿ ಹರಿಯುತ್ತದೆ. "ಇನ್‌ಶಾ ಅಲ್ಲಾಹ್, ಆಗಬೇಕು" ಎನ್ನುತ್ತೇನೆ.

ಚನ್ನಪಟ್ಟಣದವರು ಮತ್ತೆ ಹೇಳಿ ಕಳಿಸಿದ್ದಾರೆ. ಹುಡುಗಿಯ ಬಿ.ಕಾಂ. ಮುಗಿದಿದೆ, ಈಗ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದಾಳಂತೆ. ಜರ್ಮನಿಯ ಹುಡುಗನಲ್ಲವೇ, ನಾವು ಏನು ಕೇಳಿದರೂ ಕೊಡುತ್ತೇವೆ ಎಂದರಂತೆ ಅವಳ ತಂದೆ. ಬರುವ ಭಾನುವಾರ ಹೋಗುತ್ತಿದ್ದೇವೆ. ಏನೂ ಬೇಡ, ಚಹಾ ಸಾಕು ಎಂದು ಮೈದುನನ ಕೈಲೇ ಮುಂಚಿತವಾಗಿ ಹೇಳಿಸಿದ್ದೇನೆ. ಮಹರ್ ಎಷ್ಟು ಕೊಡಬಲ್ಲೆ, ನಿನ್ನ ಸಂಬಳದಿಂದ ಲೆಕ್ಕ ಹಾಕಿ ಹೇಳು ಎಂದು ಮಗನಿಗೆ ಕೇಳಿದ್ದೇನೆ. ಅವನಿನ್ನೂ ಉತ್ತರ ಕಳಿಸಿಲ್ಲ. ಅಷ್ಟು ದೂರದ ಚಳಿ ದೇಶಕ್ಕೆ ಹೋಗಲು ನಿನಗೆ ಇಷ್ಟವಿದೆಯೇನಮ್ಮಾ ಎಂದು ಆ ಹುಡುಗಿಯನ್ನು ಒಳಗೆ ಕರೆದು ನಾನೇ ಕೇಳಬೇಕೆಂದಿದ್ದೇನೆ. ನನ್ನನ್ನು 1998ರಲ್ಲಿ ಯಾರೂ ಕೇಳಿರಲಿಲ್ಲ.